ನಾಯಿಗೆ ಒಂಟಿಯಾಗಿರಲು ಕಲಿಸುವುದು: ನಾನು ಮಾಡುವ ಕ್ರಮ

ಮನೆಯವರೆಲ್ಲ ಹೊರಟ ಮೇಲೆ ಊಳಿಡುವ, ಬಾಗಿಲು ಕೆರೆಯುವ, ಚಪ್ಪಲಿ ಹರಿದು ಹಾಕುವ ನಾಯಿಗೆ ಹಠಮಾರಿ ಅನ್ನುವುದು ವಾಡಿಕೆ. ನಾನು ನೋಡಿದ ಮಟ್ಟಿಗೆ ಅದು ಹೆಚ್ಚಾಗಿ ಭಯ, ಇಲ್ಲವೇ ಬೇಸರ. ಎರಡಕ್ಕೂ ಮದ್ದು ಬೇರೆಬೇರೆ. ಆದ್ದರಿಂದ ಮೊದಲು ನೋಡಬೇಕು, ಆಮೇಲೆ ಕಲಿಸಬೇಕು.

ನೋಡಲು ಹಳೆಯ ಮೊಬೈಲ್ ಸಾಕು. ಬಾಗಿಲು ಕಾಣುವಂತೆ ಅದನ್ನು ಶೆಲ್ಫಿನ ಮೇಲಿಟ್ಟು, ನನ್ನ ಫೋನಿಗೆ ವಿಡಿಯೋ ಕಾಲ್ ಮಾಡಿ, ನನ್ನ ಕಡೆಯ ಮೈಕ್ ಮ್ಯೂಟ್ ಮಾಡಿಕೊಂಡು ಕೆಳಗಿಳಿಯುತ್ತೇನೆ. ಹೆದರಿದ ನಾಯಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ತೋರಿಸಿಕೊಡುತ್ತದೆ: ಸೆಕೆಯಿಲ್ಲದಿದ್ದರೂ ತೇಕುವುದು, ಜೊಲ್ಲು, ಬಾಗಿಲಿಗೂ ಕಿಟಕಿಗೂ ಓಡಾಟ, ಮತ್ತೆ ಮತ್ತೆ ಆಕಳಿಕೆ. ಇಟ್ಟ ತಿಂಡಿಯನ್ನು ಮೂಸಿಯೂ ನೋಡುವುದಿಲ್ಲ. ಬೇಸರದ ನಾಯಿ ಹಾಗಲ್ಲ. ತಿಂಡಿ ಖಾಲಿ ಮಾಡಿ, ಒಂದು ನಿದ್ದೆ ಮುಗಿಸಿ, ಆಮೇಲೆ ಸೋಫಾದ ದಿಂಬಿಗೆ ಬಾಯಿ ಹಾಕುತ್ತದೆ.

ಬೇಸರ ನೀಗುವುದು ಸುಲಭ. ಹೊರಡುವ ಮುಂಚೆ ಅರ್ಧ ಗಂಟೆ ಮೂಸುವ ವಾಕಿಂಗ್: ಕತ್ತಿಗೆ ಚೈನ್ ಬೇಡ, ಎದೆಗೆ ಹಾರ್ನೆಸ್, 3 ಮೀಟರ್ ಹಗ್ಗ, ದಾರಿ ಆರಿಸುವುದು ನಾಯಿಯ ಪಾಲಿಗೆ. ಒಂದೇ ಕಂಬವನ್ನು ಎರಡು ನಿಮಿಷ ಮೂಸಿದರೂ ಎಳೆಯಬೇಡಿ. ಮನೆಗೆ ಬಂದ ಮೇಲೆ ಟೊಳ್ಳು ರಬ್ಬರ್ ಆಟಿಕೆಗೆ ಬೇಯಿಸಿದ ಸಿಹಿಗುಂಬಳ ಮತ್ತು ಮೊಸರು ತುಂಬಿ, ಮೊದಲೇ ನಾಲ್ಕು ಗಂಟೆ ಫ್ರೀಜರ್‌ನಲ್ಲಿಟ್ಟದ್ದನ್ನು ಕೊಡಿ. ನೆಕ್ಕುವುದೇ ನಾಯಿಯನ್ನು ಶಾಂತ ಮಾಡುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಅದರಲ್ಲಿ ಸೇರಲೇಬಾರದು. ನಾಯಿಗೆ ಅವು ವಿಷ. ಮುಧೋಳದಂಥ ಬೇಟೆ ತಳಿಗಳಿಗೆ ಇಷ್ಟು ಸಾಲದು. ಬೇಲಿಯಿರುವ ಬಯಲಿನಲ್ಲಿ ಓಡಲೇಬೇಕು.

ಭಯಕ್ಕೆ ತಾಳ್ಮೆ ಬೇಕು. ಬೀಗದ ಕೈ ಸದ್ದು, ಶೂ, ಬ್ಯಾಗು ಕಂಡೊಡನೆಯೇ ಅದರ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ. ಹಾಗಾಗಿ ಕೀ ಎತ್ತಿಕೊಂಡು ಮತ್ತೆ ಕುರ್ಚಿಯಲ್ಲಿ ಕೂರುತ್ತೇನೆ, ಶೂ ಹಾಕಿಕೊಂಡು ಕಾಫಿ ಸೋಸುತ್ತೇನೆ. ದಿನಕ್ಕೆ ನಾಲ್ಕೈದು ಸಲ, ನಾಯಿ ತಲೆ ಎತ್ತುವುದನ್ನು ಬಿಡುವವರೆಗೆ.

ಆಮೇಲೆ ಬಾಗಿಲು. ಹಿಡಿ ಮುಟ್ಟಿ ವಾಪಸ್ಸು. ತೆರೆದು ಮುಚ್ಚಿ ವಾಪಸ್ಸು. ಹೊರಗೆ ಹೋಗಿ 2 ಸೆಕೆಂಡ್, 5, 3, 10, ಮತ್ತೆ 1. ನಾಯಿ ಕುಂಯ್ ಅನ್ನುವ ಮೊದಲೇ ಒಳಗಿರಬೇಕು. ದಿನಕ್ಕೊಂದು ಪಾಠ, ಹತ್ತು ಹದಿನೈದು ನಿಮಿಷ. ವಾರಕ್ಕೆರಡು ದಿನ ರಜೆ. ಹೆಚ್ಚಿನವರು ಎಡವುವುದು ಹೊತ್ತನ್ನು ಏರಿಸುತ್ತಲೇ ಹೋಗಿ: ಆಗ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟ ಎಂದು ನಾಯಿ ಲೆಕ್ಕ ಹಾಕುತ್ತದೆ. ದೀರ್ಘದ ನಡುವೆ ಚಿಕ್ಕದು ಬರಬೇಕು. ಬೊಗಳಿದರೆ ಒಳಗೆ ಬಂದು, ಅಂದಿನ ಪಾಠ ನಿಲ್ಲಿಸಿ, ಮರುದಿನ ಅರ್ಧ ಹೊತ್ತಿನಿಂದ ಶುರು ಮಾಡುತ್ತೇನೆ.

ಇಡೀ ಕ್ರಮದಲ್ಲಿ ಕಷ್ಟದ್ದು ಇನ್ನೊಂದಿದೆ. ಕಲಿಕೆ ಮುಗಿಯುವವರೆಗೆ ನಾಯಿಯನ್ನು ಅದು ತಾಳುವಷ್ಟಕ್ಕಿಂತ ಹೆಚ್ಚು ಹೊತ್ತು ಒಂಟಿ ಬಿಡುವಂತಿಲ್ಲ. ಬೆಳಗ್ಗೆ ಹತ್ತು ಸೆಕೆಂಡ್ ಕಲಿಸಿ ಮಧ್ಯಾಹ್ನ ನಾಲ್ಕು ಗಂಟೆ ಬಿಟ್ಟು ಹೋದರೆ ಕಲಿತದ್ದೆಲ್ಲ ನೀರುಪಾಲು. ಅಜ್ಜಿ, ಪಕ್ಕದ ಮನೆಯವರು, ಡೇಕೇರ್, ಯಾರದಾದರೂ ನೆರವು ಮೊದಲೇ ಗೊತ್ತು ಮಾಡಿಕೊಳ್ಳಿ. ಮೊದಲ ಅರ್ಧ ಗಂಟೆ ತಲುಪಲು ವಾರಗಳು, ಕೆಲವಕ್ಕೆ ತಿಂಗಳುಗಳೂ ಬೇಕು. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಬೇಗ ಸಾಗುತ್ತದೆ.

ಬಂದಾಗ ನೆಲದ ಮೇಲೆ ಉಚ್ಚೆ ಕಂಡರೆ ಬೈಯಬೇಡಿ, ಸುಮ್ಮನೆ ಒರೆಸಿ. ಕಿವಿ ಹಿಂದಕ್ಕೆ, ಬಾಲ ಕಾಲ ನಡುವೆ, ಓರೆನೋಟ: ‘ತಪ್ಪು ಅದಕ್ಕೇ ಗೊತ್ತು’ ಅನ್ನುತ್ತೇವೆ. ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ನಂಟು ಕಾಣಲಿಲ್ಲ. ಒಡೆಯ ಗದರಿದಾಗ ಅದು ಹೆಚ್ಚಾಗಿ ಕಂಡಿತು. ಬೈದರೆ, ಒಂಟಿತನದ ಭಯದ ಮೇಲೆ ನಿಮ್ಮ ಬರುವಿಕೆಯ ಭಯವೂ ಸೇರುತ್ತದೆ.

ಉಗುರು ಕಿತ್ತು ರಕ್ತ ಬರುವಷ್ಟು ಬಾಗಿಲು ಕೆರೆಯುವ ನಾಯಿಗೆ ಪಾಠವೊಂದೇ ಸಾಲದು. ಅದನ್ನು ವಿಡಿಯೋ ರೆಕಾರ್ಡ್ ಮಾಡಿ ಪಶುವೈದ್ಯರಿಗೆ ತೋರಿಸಿ. ಭಯ ತಗ್ಗಿಸುವ ಮದ್ದುಗಳಾದ ಫ್ಲುಯಾಕ್ಸೆಟಿನ್ ಅಥವಾ ಕ್ಲೋಮಿಪ್ರಮೈನ್ ಬರೆದುಕೊಟ್ಟರೆ ಹೆದರಬೇಕಿಲ್ಲ, ಆದರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ನಡುವೆ ಅವರನ್ನು ಕೇಳದೆ ನಿಲ್ಲಿಸಬೇಡಿ, ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ. ಮದ್ದು ಶುರುವಾದ ಮೇಲೂ ಬಾಗಿಲಿನ ಪಾಠ ಅದೇ ಸೆಕೆಂಡುಗಳಿಂದಲೇ ಸಾಗಬೇಕು.