ಕಾಫಿ ಕಚೇರಿಯ ಒಂದೇ ಸರ್ವರ್‌ನಲ್ಲಿ ಕಂಟೈನರ್‌ಗಳನ್ನು ಅಳವಡಿಸಿದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿಸಿ ಸಂಸ್ಕರಿಸುವ ಸಂಸ್ಥೆಯೊಂದರ ಗಣಕ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಬೆಳೆಗಾರರು ತಂದ ಚೆರ್ರಿ (ಕಾಫಿ ಹಣ್ಣು) ಮತ್ತು ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಚೀಲಗಳ ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ದಾಖಲಿಸುವ ಖರೀದಿ ತಂತ್ರಾಂಶ, ಲೆಕ್ಕಪತ್ರ, ಕಾರ್ಮಿಕರ ಹಾಜರಾತಿ, ಕಡತ ಹಂಚಿಕೆ ಇವೆಲ್ಲವೂ 16 ಜಿಬಿ ಮೆಮೊರಿಯ ಒಂದೇ ಸರ್ವರ್‌ನಲ್ಲಿ ನಡೆಯಬೇಕಾಗಿತ್ತು. ಲೆಕ್ಕಪತ್ರದ ತಂತ್ರಾಂಶ ಹಳೆಯದು. ಅದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 7.4ನೇ ಆವೃತ್ತಿಯನ್ನು ಬಿಟ್ಟು ಮೇಲಕ್ಕೆ ಬರುವುದಿಲ್ಲ, ಆದ್ದರಿಂದ ಅದಕ್ಕೆ ಆ ಆವೃತ್ತಿ ಇರುವ ಡೆಬಿಯನ್ 11 (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ರೂಪ) ಬೇಕು. ಹೊಸದಾಗಿ ಬರೆಸಿದ ಖರೀದಿ ತಂತ್ರಾಂಶಕ್ಕೆ ಡೆಬಿಯನ್ 12ರಲ್ಲಿರುವ ಪಿಎಚ್‌ಪಿ 8.2 ಮತ್ತು ಪೋಸ್ಟ್‌ಗ್ರೆಸ್ 15 ಡೇಟಾಬೇಸ್ ಬೇಕು. ಎರಡನ್ನೂ ಒಂದೇ ವ್ಯವಸ್ಥೆಯೊಳಗೆ ಹೊಂದಿಸಿಕೊಂಡು ಹೋಗುವುದು ಸಾಧ್ಯವಾದರೂ, ಒಂದರ ಅಪ್‌ಡೇಟ್ ಇನ್ನೊಂದನ್ನು ಕೆಡಿಸದಂತೆ ವರ್ಷಗಟ್ಟಲೆ ಕಾಯುವ ಕೆಲಸವನ್ನು ನಾನು ಹೊತ್ತುಕೊಳ್ಳಲು ಸಿದ್ಧನಿರಲಿಲ್ಲ.

ಪ್ರತಿಯೊಂದಕ್ಕೂ ಪೂರ್ಣ ವರ್ಚುವಲ್ ಮಷೀನ್ (ಸರ್ವರ್‌ನೊಳಗೆ ತಂತ್ರಾಂಶದಿಂದಲೇ ರೂಪಿಸಿದ ಇನ್ನೊಂದು ಗಣಕ) ಕೊಡುವುದು ಮೊದಲ ಆಲೋಚನೆಯಾಗಿತ್ತು. ಆದರೆ ಪ್ರತಿ ವರ್ಚುವಲ್ ಮಷೀನ್ ತನ್ನದೇ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಹೊತ್ತುಕೊಂಡು ಬರುತ್ತದೆ, ಬಳಸಿದರೂ ಬಳಸದಿದ್ದರೂ ತನ್ನ ಪಾಲಿನ ಮೆಮೊರಿಯ ಬಹುಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಂಟೈನರ್ ಅಂದರೆ ತಂತ್ರಾಂಶವನ್ನು ಅದಕ್ಕೆ ಬೇಕಾದ ಕಡತಗಳೊಂದಿಗೆ ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಆವರಣ. ಅದರಲ್ಲಿ ಹಾಗಲ್ಲ, ಎಲ್ಲ ಕಂಟೈನರ್‌ಗಳೂ ಸರ್ವರ್‌ನ ಒಂದೇ ಕರ್ನಲ್ ಮೇಲೆ ನಡೆಯುತ್ತವೆ, ಸುಮ್ಮನೆ ಕುಳಿತಿರುವ ಕಂಟೈನರ್ ತನ್ನೊಳಗೆ ಓಡುತ್ತಿರುವ ಕೆಲವೇ ಪ್ರೊಸೆಸ್‌ಗಳಷ್ಟು ಮೆಮೊರಿಯನ್ನು ಮಾತ್ರ ಬಳಸುತ್ತದೆ. 2005ರಲ್ಲಿ ಬಂದ ಓಪನ್‌ವಿಝಡ್ ಎಂಬ ಸಾಧನ ಇದನ್ನೇ ಮಾಡುತ್ತಿತ್ತು, ಆದರೆ ಅದಕ್ಕೆ ಪ್ರತ್ಯೇಕವಾಗಿ ಮಾರ್ಪಡಿಸಿದ ಕರ್ನಲ್ ಬೇಕಾಗಿತ್ತು. 2008ರ ಆರಂಭದ ಲಿನಕ್ಸ್ 2.6.24ನೇ ಆವೃತ್ತಿಯಲ್ಲಿ ಮೆಮೊರಿ, ಸಿಪಿಯು ಬಳಕೆಗೆ ಮಿತಿ ಹಾಕುವ ಸಿಗ್ರೂಪ್‌ಗಳೂ, 2013ರ 3.8ನೇ ಆವೃತ್ತಿಯಲ್ಲಿ ಬಳಕೆದಾರರ ಗುರುತನ್ನು ಬೇರ್ಪಡಿಸುವ ಯೂಸರ್ ನೇಮ್‌ಸ್ಪೇಸ್‌ಗಳೂ ಮೂಲ ಕರ್ನಲ್‌ನಲ್ಲೇ ಸೇರಿದ ಮೇಲೆ ಆ ತೊಡಕು ಉಳಿದಿಲ್ಲ. ನಾನು ಆರಿಸಿಕೊಂಡದ್ದು ಇನ್ಕಸ್ ಎಂಬ ಕಂಟೈನರ್ ನಿರ್ವಹಣಾ ತಂತ್ರಾಂಶ. 2023ರಲ್ಲಿ ಎಲ್‌ಎಕ್ಸ್‌ಡಿ ಎಂಬ ಅಂಥದೇ ತಂತ್ರಾಂಶದಿಂದ ಕವಲೊಡೆದ ಯೋಜನೆ ಇದು, ಡೆಬಿಯನ್ 12ರ ಬ್ಯಾಕ್‌ಪೋರ್ಟ್ಸ್‌ನಲ್ಲಿ (ಹಳೆಯ ಆವೃತ್ತಿಗೂ ಹೊಸ ತಂತ್ರಾಂಶ ಒದಗಿಸುವ ಭಂಡಾರ) ಸಿಗುತ್ತದೆ. ಡಾಕರ್ ಏಕಲ್ಲ ಎಂದು ಹಲವರು ಕೇಳಿದ್ದಾರೆ. ಡಾಕರ್ ಒಂದೊಂದು ಅಪ್ಲಿಕೇಶನ್ನಿಗೆ ಒಂದೊಂದು ಕಂಟೈನರ್ ಎಂಬ ರೀತಿಯಲ್ಲಿ ಬೆಳೆದ ಸಾಧನ. ನನಗೆ ಬೇಕಾಗಿದ್ದುದು ಸಿಸ್ಟಮ್‌ಡಿ (ಸೇವೆಗಳನ್ನು ಎಬ್ಬಿಸುವುದು), ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವುದು), ಎಸ್‌ಎಸ್‌ಎಚ್ (ದೂರದಿಂದ ಒಳಬರುವ ದಾರಿ) ಎಲ್ಲವೂ ಇರುವ, ಹಳೆಯ ಸರ್ವರ್ ಇದ್ದ ಹಾಗೆಯೇ ಎತ್ತಿ ಒಳಗಿಡಬಹುದಾದ ಪೂರ್ಣ ವ್ಯವಸ್ಥೆ.

ಕಂಟೈನರ್ ಹುಟ್ಟುಹಾಕುವುದು ಒಂದು ಸಾಲಿನ ಆದೇಶ, ಅದರ ಬಗ್ಗೆ ಹೇಳುವುದೇನೂ ಇಲ್ಲ. ನಿಜವಾದ ಕೆಲಸವಿರುವುದು ಗಡಿ ಹಾಕುವುದರಲ್ಲಿ. ಕರ್ನಲ್ ಒಂದೇ ಆಗಿರುವುದರಿಂದ, ಗಡಿಗಳನ್ನು ನಾವಾಗಿ ಹಾಕದಿದ್ದರೆ ಒಂದು ಕಂಟೈನರ್‌ನ ಅವಾಂತರ ಎಲ್ಲರಿಗೂ ತಟ್ಟುತ್ತದೆ. ಆದ್ದರಿಂದ ಒಂದೇ ಒಂದು ಸೇವೆಯನ್ನು ಒಳಗೆ ತರುವ ಮೊದಲೇ ಗಡಿಗಳೆಲ್ಲವನ್ನೂ ಒಂದು ಪ್ರೊಫೈಲ್‌ನಲ್ಲಿ (ಸಿದ್ಧ ಆಯ್ಕೆಗಳ ಪಟ್ಟಿ) ಬರೆದು, ಪ್ರತಿ ಹೊಸ ಕಂಟೈನರ್ ಅದರಿಂದಲೇ ಹುಟ್ಟಬೇಕೆಂದು ನಿಯಮ ಮಾಡಿಕೊಂಡೆ.

ಮೊದಲನೆಯದು ಬಳಕೆದಾರರ ಗುರುತಿನ ಗಡಿ. ಕಂಟೈನರ್‌ನೊಳಗಿನ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ತನ್ನನ್ನು ಸೊನ್ನೆ ಸಂಖ್ಯೆಯ ಬಳಕೆದಾರನೆಂದೇ ತಿಳಿದಿರುತ್ತದೆ, ಆದರೆ ಸರ್ವರ್‌ನ ಕಡೆಯಿಂದ ನೋಡಿದರೆ ಅದು ಹತ್ತು ಲಕ್ಷ ಅಥವಾ ಅದಕ್ಕೂ ಮೇಲಿನ ಸಂಖ್ಯೆಯ, ಯಾವ ಅಧಿಕಾರವೂ ಇಲ್ಲದ ಬಳಕೆದಾರ. ಹೇಗೋ ಒಂದು ಪ್ರೊಸೆಸ್ ಕಂಟೈನರ್‌ನಿಂದ ತಪ್ಪಿಸಿಕೊಂಡು ಹೊರಬಂದರೂ ಎಲ್ಲರಿಗೂ ತೆರೆದಿಟ್ಟಿರದ ಸರ್ವರ್‌ನ ಕಡತಗಳು ಅದರ ಕೈಗೆ ಸಿಗುವುದಿಲ್ಲ. ಇನ್ಕಸ್‌ನ ಮೂಲ ಏರ್ಪಾಡಿನಲ್ಲಿ ಎಲ್ಲ ಕಂಟೈನರ್‌ಗಳಿಗೂ ಒಂದೇ ಸಂಖ್ಯೆಗಳ ಸಾಲು ಸಿಗುತ್ತದೆ. ನಾನು ಪ್ರತಿಯೊಂದಕ್ಕೂ 65,536 ಸಂಖ್ಯೆಗಳ ಪ್ರತ್ಯೇಕ ಸಾಲು ಸಿಗುವಂತೆ ಐಸೊಲೇಟೆಡ್ ಎಂಬ ಆಯ್ಕೆಯನ್ನು ಚಾಲೂ ಮಾಡಿದೆ. ಇದರಿಂದ ಒಂದು ಸಣ್ಣ ತೊಡಕು ಹುಟ್ಟುತ್ತದೆ. ಸ್ಕ್ಯಾನ್ ಮಾಡಿದ ರಸೀದಿಗಳ ಫೋಲ್ಡರನ್ನು ಎರಡು ಕಂಟೈನರ್‌ಗಳಿಗೆ ಹಂಚಬೇಕಾದಾಗ ಕಡತಗಳ ಮಾಲೀಕತ್ವ ಹೊಂದಿಕೆಯಾಗುವುದಿಲ್ಲ. ಲಿನಕ್ಸ್ 5.12ರಿಂದ ಐಡಿಮ್ಯಾಪ್ಡ್ ಮೌಂಟ್ (ಜೋಡಿಸುವಾಗಲೇ ಮಾಲೀಕರ ಸಂಖ್ಯೆಗಳನ್ನು ಬದಲಿಸಿ ತೋರಿಸುವುದು) ಎಂಬ ಸೌಲಭ್ಯ ಇದಕ್ಕೆಂದೇ ಇದೆ, ಆದರೆ ನಾನು ಸಂಗ್ರಹಣೆಗೆ ಬಳಸುವ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ, ಡೆಬಿಯನ್ 12ರ ಜೊತೆ ಬರುವ ಆವೃತ್ತಿ ಅದನ್ನು ಅರಿಯದು. ಆದ್ದರಿಂದ ಆ ಫೋಲ್ಡರನ್ನು ಎಕ್ಸ್ಟ್4 ಎಂಬ ಕಡತ ವ್ಯವಸ್ಥೆ ಇರುವ ಬೇರೆ ಡಿಸ್ಕಿನಲ್ಲಿಟ್ಟು, ಆ ಸೌಲಭ್ಯವನ್ನು ಬಳಸುವ ಶಿಫ್ಟ್ ಆಯ್ಕೆಯೊಂದಿಗೆ ಒಳಗೆ ಜೋಡಿಸಿದೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಇನ್ಕಸ್‌ನ ಆಡಳಿತ ಗುಂಪಿಗೆ ಸೇರಿದವರು ಸರ್ವರ್‌ನ ರೂಟ್‌ಗೆ ಸಮ, ಏಕೆಂದರೆ ಅವರು ಸರ್ವರ್‌ನ ಇಡೀ ಡಿಸ್ಕನ್ನೇ ಕಂಟೈನರ್ ಒಂದಕ್ಕೆ ಜೋಡಿಸಿಕೊಳ್ಳಬಲ್ಲರು. ಖರೀದಿ ತಂತ್ರಾಂಶ ಬರೆದುಕೊಟ್ಟ ಹುಡುಗರಿಗೆ ಅವರ ಕಂಟೈನರ್‌ನೊಳಗಿನ ಎಸ್‌ಎಸ್‌ಎಚ್ ಕೀಲಿಯನ್ನು ಮಾತ್ರ ಕೊಟ್ಟಿದ್ದೇನೆ. ಒಳಗೆ ಅವರೇ ರೂಟ್, ಬೇಕಾದ ಪ್ಯಾಕೇಜ್ ಹಾಕಿಕೊಳ್ಳುತ್ತಾರೆ. ಲೆಕ್ಕಪತ್ರದ ಕಡೆಗೆ ಅವರ ಕೈ ಹೋಗುವುದಿಲ್ಲ.

ಎರಡನೆಯದು ಮೆಮೊರಿ, ಇದರ ಬಗ್ಗೆ ನಾನು ಹೆಚ್ಚು ಹೊತ್ತು ಲೆಕ್ಕ ಹಾಕಿದೆ. ಸಂಗ್ರಹಣೆಗೆ ಝಡ್‌ಎಫ್‌ಎಸ್ ಆರಿಸಿಕೊಂಡರೆ ಅದು ಓದಿದ ಮಾಹಿತಿಯನ್ನು ಮತ್ತೆ ಬೇಗ ಸಿಗುವಂತೆ ಮೆಮೊರಿಯಲ್ಲಿ ಇಟ್ಟುಕೊಳ್ಳುವ ತನ್ನ ಎಆರ್‌ಸಿಗಾಗಿ ಆ ಆವೃತ್ತಿಯಲ್ಲಿ ಒಟ್ಟು ಮೆಮೊರಿಯ ಅರ್ಧದವರೆಗೂ ಬಳಸಬಲ್ಲದು. ನಮ್ಮ ಸರ್ವರ್‌ನಲ್ಲಿ ಅದು 8 ಜಿಬಿ. ಅದು ಯಾವ ಕಂಟೈನರ್‌ನ ಲೆಕ್ಕಕ್ಕೂ ಬರುವುದಿಲ್ಲ. ಕಂಟೈನರ್‌ಗಳಿಗೆ 14 ಜಿಬಿ ಹಂಚಿ, ಉಳಿದದ್ದು ಸರ್ವರ್‌ಗೆ ಸಾಕು ಎಂದು ಕುಳಿತರೆ, ಸುಗ್ಗಿಯ ಡಿಸೆಂಬರ್-ಜನವರಿಯಲ್ಲಿ ಖರೀದಿ ಕೌಂಟರ್‌ಗಳೆಲ್ಲ ಒಟ್ಟಿಗೆ ತುಂಬಿದ ಹೊತ್ತಿನಲ್ಲೇ ಮೆಮೊರಿಗೆ ಕಿತ್ತಾಟ ಶುರುವಾಗುತ್ತದೆ. ಎಆರ್‌ಸಿಯ ಮಿತಿಯನ್ನು 2 ಜಿಬಿಗೆ ಇಳಿಸಿ, ಸರ್ವರ್‌ಗೆ 2 ಜಿಬಿ ಬಿಟ್ಟು, ಉಳಿದ 12 ಜಿಬಿಯಲ್ಲಿ ಖರೀದಿಗೆ 5, ಲೆಕ್ಕಪತ್ರಕ್ಕೆ 3, ಮಿಕ್ಕವುಗಳಿಗೆ ಒಟ್ಟು 3 ಎಂದು ಹಂಚಿ, 1 ಜಿಬಿಯನ್ನು ಯಾರಿಗೂ ಕೊಡದೆ ಇಟ್ಟುಕೊಂಡೆ. ಮಿತಿ ಮೀರಿದ ಕಂಟೈನರ್‌ನೊಳಗಿನ ಪ್ರೊಸೆಸ್ ಮಾತ್ರ ಕೊನೆಗಾಣುತ್ತದೆ, ಪಕ್ಕದವರಿಗೆ ತೊಂದರೆಯಿಲ್ಲ. ಕಂಟೈನರ್‌ಗೆ ಅದರದೇ ಅಂಕಿಗಳನ್ನು ತೋರಿಸುವ ಎಲ್‌ಎಕ್ಸ್‌ಸಿಎಫ್‌ಎಸ್ ಇರುವುದರಿಂದ ಒಳಗೆ ಮೆಮೊರಿಯ ಲೆಕ್ಕ ತೋರಿಸುವ ಫ್ರೀ ಆದೇಶ ಕೊಟ್ಟರೆ 16 ಜಿಬಿಯ ಬದಲು ಆ ಕಂಟೈನರ್‌ನ ಮಿತಿಯೇ ಕಾಣುತ್ತದೆ. ಪೋಸ್ಟ್‌ಗ್ರೆಸ್ ಮಾಹಿತಿ ಇಟ್ಟುಕೊಳ್ಳಲು ಬಳಸುವ ಮೆಮೊರಿಯಾದ ಶೇರ್ಡ್ ಬಫರ್ಸನ್ನು ಆ ಮಿತಿಯ ಕಾಲುಭಾಗಕ್ಕೆ ಹೊಂದಿಸಿದೆ.

ಸಿಪಿಯುಗೆ ಶೇಕಡಾವಾರು ಪಾಲು ಕೊಟ್ಟೆ. ಶೇಕಡಾ ರೂಪದಲ್ಲಿ ಬರೆದ ಮಿತಿ ಮೆದುವಾದದ್ದು, ಬೇರೆಯವರು ಕೆಲಸವಿಲ್ಲದೆ ಇದ್ದಾಗ ಪೂರ್ತಿ ಬಳಸಿಕೊಳ್ಳಲು ಬಿಡುತ್ತದೆ. ನಮ್ಮಂಥ ಕಚೇರಿಗೆ ಅದೇ ಸರಿ. ಪ್ರೊಸೆಸ್‌ಗಳ ಸಂಖ್ಯೆಗೂ ಒಂದು ಮಿತಿ ಹಾಕಿದೆ.

ಜಾಲದ ವಿಷಯ ಬೇಗ ಮುಗಿಯಿತು. ಹಾಜರಾತಿ ಯಂತ್ರವೂ ಗುಮಾಸ್ತರ ಗಣಕಗಳೂ ಕಂಟೈನರ್‌ಗಳನ್ನು ನೇರವಾಗಿ ತಲುಪಬೇಕಾದ್ದರಿಂದ ಸರ್ವರ್‌ನ ಈಥರ್‌ನೆಟ್ ಪೋರ್ಟನ್ನು ಒಂದು ಬ್ರಿಡ್ಜ್‌ಗೆ (ಸರ್ವರ್‌ನೊಳಗಿನ ತಂತ್ರಾಂಶ ಸ್ವಿಚ್) ಸೇರಿಸಿ ಪ್ರತಿ ಕಂಟೈನರ್‌ಗೆ ಕಚೇರಿ ಜಾಲದ ವಿಳಾಸ ಕೊಟ್ಟೆ. ಬ್ರಿಡ್ಜ್ ಇಲ್ಲದೆ ಪೋರ್ಟಿಗೇ ಜೋಡಿಸುವ ಮ್ಯಾಕ್‌ವಿಲ್ಯಾನ್ ಇನ್ನೂ ಸರಳ, ಆದರೆ ಅದರಲ್ಲಿ ಸರ್ವರ್ ಮತ್ತು ಅದರದೇ ಕಂಟೈನರ್ ಪರಸ್ಪರ ಮಾತಾಡಲಾರವು.

ಮಲೆನಾಡಿನಲ್ಲಿ ಸರ್ವರ್ ಇಡುವವರು ಕರೆಂಟಿನ ಲೆಕ್ಕವನ್ನೂ ಇಡಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಿಂದ ಹಿಡಿದು ಆಗಸ್ಟ್‌ವರೆಗೂ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಮಾಮೂಲು. ಯುಪಿಎಸ್ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಬಂದ್ ಆಗಲು ಎನ್‌ಯುಟಿ ಎಂಬ ಯುಪಿಎಸ್ ಗಮನಿಸುವ ತಂತ್ರಾಂಶ ಹಾಕಿದ್ದೇನೆ. ಆಗ ಇನ್ಕಸ್ ಪ್ರತಿ ಕಂಟೈನರ್‌ಗೂ 30 ಸೆಕೆಂಡು ಕಾದು, ನಿಲ್ಲದಿದ್ದರೆ ಬಲವಂತವಾಗಿ ನಿಲ್ಲಿಸುತ್ತದೆ. ಡೇಟಾಬೇಸ್ ಇರುವ ಕಂಟೈನರ್‌ಗಳಿಗೆ ಅದು ಕಡಿಮೆ. 120 ಸೆಕೆಂಡಿಗೆ ಏರಿಸಿ, ಬ್ಯಾಟರಿಯಲ್ಲಿ ಅಷ್ಟು ಹೊತ್ತು ಖಂಡಿತ ಉಳಿದಿರುವಾಗಲೇ ಬಂದ್ ಆರಂಭವಾಗುವಂತೆ ಎನ್‌ಯುಟಿಯ ಮಿತಿಯನ್ನು ಮೇಲೆತ್ತಿದೆ. ಮತ್ತೆ ಕರೆಂಟ್ ಬಂದಾಗ ಡೇಟಾಬೇಸ್ ಮೊದಲು, ಅದನ್ನು ನೆಚ್ಚಿಕೊಂಡ ತಂತ್ರಾಂಶಗಳು ನಂತರ ಏಳುವಂತೆ ಆಟೋಸ್ಟಾರ್ಟ್ ಆದ್ಯತೆಗಳನ್ನು ಬರೆದಿದ್ದೇನೆ. ದೊಡ್ಡ ಸಂಖ್ಯೆಯದು ಮೊದಲು ಏಳುತ್ತದೆ.

ಇನ್ಕಸ್ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆಯುತ್ತದೆ, ಗುಮಾಸ್ತರು ಅಳಿಸಿಹಾಕಿದ ಕಡತ ಮರಳಿ ತರಲು ಅದು ಸಾಕು. ಆದರೆ ಅದೇ ಡಿಸ್ಕಿನಲ್ಲಿರುವ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೂಡಿಗೆರೆಯ ಶಾಖೆಯಲ್ಲಿ ಇನ್ಕಸ್ ಇರುವ ಇನ್ನೊಂದು ಸಾಧಾರಣ ಗಣಕವಿದೆ. ರಾತ್ರಿ ಹೊತ್ತು ಪ್ರತಿ ಕಂಟೈನರ್ ಅಲ್ಲಿಗೆ ನಕಲಾಗುತ್ತದೆ, ಎರಡೂ ಕಡೆ ಝಡ್‌ಎಫ್‌ಎಸ್ ಇರುವುದರಿಂದ ಬದಲಾದ ಭಾಗ ಮಾತ್ರ ಹೋಗುತ್ತದೆ. ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸ್‌ನ ಪೂರ್ತಿ ಮಾಹಿತಿಯ ಕಡತ) ಇದರ ಹೊರತಾಗಿ ಬೇರೆಯೇ ತೆಗೆಯುತ್ತೇನೆ. ತಿಂಗಳಿಗೊಮ್ಮೆ ಮೂಡಿಗೆರೆಯ ನಕಲನ್ನು ಅಲ್ಲೇ ಎಬ್ಬಿಸಿ, ಲೆಕ್ಕದವರಿಂದ ಹಿಂದಿನ ದಿನದ ಖರೀದಿಯ ಮೊತ್ತ ಸರಿಯಿದೆಯೇ ಎಂದು ತಾಳೆ ನೋಡಿಸುತ್ತೇನೆ.

ಕಂಟೈನರ್ ಬಳಸುವುದಕ್ಕೆ ತೆರಲೇಬೇಕಾದ ಒಂದು ಬೆಲೆಯೂ ಇದೆ. ಕರ್ನಲ್ ಅಪ್‌ಡೇಟ್ ಬಂದಾಗ ಸರ್ವರ್ ರೀಬೂಟ್ ಆಗಲೇಬೇಕು, ಆಗ ಎಲ್ಲ ಸೇವೆಗಳೂ ಒಟ್ಟಿಗೆ ನಿಲ್ಲುತ್ತವೆ. ಭದ್ರತೆಯ ಪ್ಯಾಚ್‌ಗಳನ್ನು ಇದಕ್ಕಾಗಿ ಮುಂದೂಡುವುದು ತರವಲ್ಲವಾದ್ದರಿಂದ, ಖರೀದಿ ಇಲ್ಲದ ಭಾನುವಾರ ಮಧ್ಯಾಹ್ನದ ಹೊತ್ತನ್ನು ಅದಕ್ಕೆಂದೇ ಗೊತ್ತುಮಾಡಿ, ಕೌಂಟರ್‌ನ ನೋಟೀಸ್ ಬೋರ್ಡಿನಲ್ಲಿ ಅಂಟಿಸಿದ್ದೇನೆ.