ಪೀಟ್ ಜೌಗು ಉಳಿಸಲು ಹಣ ಕೇಳುವುದು: ನನ್ನ ಅನುಭವ

ಬೋರ್ನಿಯೊ ದ್ವೀಪದಲ್ಲಿ ಇಂಡೋನೇಷ್ಯಾಕ್ಕೆ ಸೇರಿದ ಮಧ್ಯ ಕಾಲಿಮಂತಾನ್‌ನಲ್ಲಿ ಪೀಟ್ ಜೌಗು ಉಳಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಹಣ ಹೊಂದಿಸುವುದು ನನ್ನ ಪಾಲಿನದು. ಹವಾಮಾನ ಸಮ್ಮೇಳನಗಳಲ್ಲಿ ಅದನ್ನು ಹೇಗೆ ಮಾಡ್ತೀರಿ ಅಂತ ಕೆಲವರು ಕೇಳಿದ್ದರು.

ಪೀಟ್ ಅಂದರೆ ನೀರಲ್ಲಿ ಮುಳುಗಿ, ಗಾಳಿ ತಾಗದೆ, ಪೂರ್ತಿ ಕೊಳೆಯದೆ ಉಳಿದ ಸೊಪ್ಪುಸದೆ, ಬೇರು, ಮರ. ವರ್ಷಕ್ಕೆ ಹೆಚ್ಚುಕಡಿಮೆ 1 ಮಿ.ಮೀ. ಬೆಳೆಯುತ್ತದೆ. ನಮ್ಮ ನೀಲಗಿರಿಯ ಕಣಿವೆಗಳಲ್ಲೂ ಸ್ವಲ್ಪ ಇದೆ. ಜಗತ್ತಿನ ನೆಲದಲ್ಲಿ ಪೀಟ್ ಇರುವುದು ಸುಮಾರು 3% ಜಾಗದಲ್ಲಿ ಮಾತ್ರ. ಆದರೂ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಅದರಲ್ಲಿದೆ. ನೀರು ಬಸಿದರೆ ಒಣಗುತ್ತದೆ, ಕಿಡಿ ಬಿದ್ದರೆ ನೆಲದೊಳಗೇ ಉರಿಯುತ್ತದೆ. 1996ರಲ್ಲಿ ಆಗಿನ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರ ಇಲ್ಲಿ ಸುಮಾರು 10 ಲಕ್ಷ ಹೆಕ್ಟೇರ್‌ನಲ್ಲಿ ಭತ್ತ ಬೆಳೆಯಲು ಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಭತ್ತ ಬರಲಿಲ್ಲ, ಕಾಲುವೆಗಳು ಉಳಿದವು. 2015ರ ಬೆಂಕಿಯಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಅದರಲ್ಲಿ ಪೀಟ್ ನೆಲವೂ ತುಂಬಾ ಇತ್ತು.

ಆ 3% ಲೆಕ್ಕವನ್ನು ಸಮ್ಮೇಳನದಲ್ಲಿ ಎಲ್ಲರೂ ಹೇಳುತ್ತಾರೆ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪೀಟ್‌ಗೇ ಅಂತ ಒಂದು ಪೆವಿಲಿಯನ್ (ಮಂಟಪ) ಬಂದ ಮೇಲಂತೂ ಈ ಕ್ಷೇತ್ರದ ದಾನಿಗಳಿಗೆ ಅದು ಬಾಯಿಪಾಠ. ಅದಕ್ಕೇ ನಾನು ನೀರಿನಿಂದ ಮಾತು ಶುರು ಮಾಡುತ್ತೇನೆ. ಸಾಗುವಳಿಗೆ ಬಿಟ್ಟ ಪೀಟ್‌ನಲ್ಲಿ ನೀರು ನೆಲಮಟ್ಟದಿಂದ 40 ಸೆಂ.ಮೀ.ಗಿಂತ ಕೆಳಗಿಳಿದರೆ ಇಲ್ಲಿನ ನಿಯಮದ ಪ್ರಕಾರ ಅದು ಹಾಳಾದ ನೆಲ. ತೂತು ಕೊರೆದ ಪಿವಿಸಿ ಪೈಪನ್ನು ನೆಲಕ್ಕೆ ಇಳಿಸಿ, ಊರಿನ ಹೆಣ್ಣುಮಕ್ಕಳೇ ವಾರವಾರ ನೀರಿನ ಮಟ್ಟ ಅಳೆದು ಬರೆದಿಡುತ್ತಾರೆ. ಆ ಅಳತೆಯ ಗ್ರಾಫ್, ನೀರು ಬಸಿದುಹೋಗದಂತೆ ಕಾಲುವೆಗೆ ಯಾವಾಗ ಒಡ್ಡು ಹಾಕಿದೆವು ಅನ್ನುವ ಗುರುತು, ಒಂದು ಒಡ್ಡಿಗೆ ತಗಲುವ ಖರ್ಚು, ಇಷ್ಟನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡುತ್ತೇನೆ. ಒರಾಂಗುಟಾನ್ ಫೋಟೋ ನೋಡಿದವರು ಚೆನ್ನಾಗಿದೆ ಅಂತಾರೆ, ಈ ಹಾಳೆ ನೋಡಿದವರು ಪ್ರಶ್ನೆ ಕೇಳುತ್ತಾರೆ. ನಮಗೆ ಬೇಕಾಗಿರುವುದು ಪ್ರಶ್ನೆಗಳೇ ಅಲ್ವಾ?

ಒಡ್ಡು ಕಟ್ಟಲು ಹಣ ಬೇಗ ಸಿಗುತ್ತದೆ, ರಿಪೇರಿಗೆ ಸಿಗುವುದಿಲ್ಲ. ಮರದ ಒಡ್ಡು ಸೋರುತ್ತದೆ, ಮಳೆಗಾಲದಲ್ಲಿ ನೀರು ಪಕ್ಕದ ಮಣ್ಣು ಕೊರೆದುಕೊಂಡು ಹೋಗುತ್ತದೆ, ಮೀನಿಗೆ ಹೋಗುವವರಿಗೆ ಆ ಕಾಲುವೆಯೇ ದಾರಿಯಾದ್ದರಿಂದ ದೋಣಿ ದಾಟಲು ಕೋಡಿ ಬಿಡದಿದ್ದರೆ ಅವರು ಒಡೆಯಲೇಬೇಕಾಗುತ್ತದೆ, ಅವರದೇನೂ ತಪ್ಪಿಲ್ಲ. ಇದನ್ನೆಲ್ಲ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ರಿಪೇರಿ ಮತ್ತು ಕಾವಲಿನ ಖರ್ಚು ಇಲ್ಲದ ಬಜೆಟ್‌ಗೆ ನಾವು ಸಹಿ ಹಾಕುವುದಿಲ್ಲ.

ಭೇಟಿಗಳನ್ನು ವಾರಗಳ ಮುಂಚೆಯೇ ಗೊತ್ತು ಮಾಡಿಕೊಳ್ಳಬೇಕು. ವೇದಿಕೆ ಮೇಲೆ ಭಾಷಣ ಸಿಕ್ಕರೆ ಒಳ್ಳೆಯದು, ಆದರೆ ಹಣದ ಮಾತು ನಡೆಯುವುದು ಎದುರುಬದುರು ಕೂತಾಗ. ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ತಮ್ಮ ಭಾಷೆಯಲ್ಲೇ ಮಾತಾಡಲಿ. ವೀಸಾ, ಟಿಕೆಟ್, ಅನುವಾದಕರ ಖರ್ಚನ್ನು ಮೊದಲೇ ಎತ್ತಿಡಿ.

ಆಫ್ರಿಕಾದ ಕಾಂಗೋದಲ್ಲಿ ಪೀಟ್ ಉಳಿಸಲು ಹಣ ಕೇಳುವವರ ಜೊತೆ ಪೈಪೋಟಿ ಬೇಡ. 2017ರಲ್ಲಿ ನಕ್ಷೆಯಾದ ಅಲ್ಲಿನ ಪೀಟ್‌ನಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಇದೆ, ಬಹುಪಾಲು ಇನ್ನೂ ಯಾರೂ ನೀರು ಬಸಿಯದ ನೆಲ. ಅಲ್ಲಿ ಕಾಯುವ ಕೆಲಸ, ನಮ್ಮಲ್ಲಿ ರಿಪೇರಿ ಕೆಲಸ. ಕೆಟ್ಟದ್ದನ್ನು ಸರಿಮಾಡಲು ಎಷ್ಟು ಖರ್ಚು ಅಂತ ನಮ್ಮ ಹಾಳೆ ತೋರಿಸಿದರೆ ಅವರ ಮಾತಿಗೂ ಬಲ ಬರುತ್ತದೆ. ಹಾಗಾಗಿ ಒಂದೇ ಮೇಜಿನಲ್ಲಿ ಕೂರುತ್ತೇವೆ.

ಊರಿಗೆ ಮರಳಿದ ಮೇಲೂ ದಾನಿಗಳಿಗೆ ಗ್ರಾಫ್ ಕಳಿಸುವುದನ್ನು ನಿಲ್ಲಿಸಬೇಡಿ. ಇಲ್ಲಿ ಮಳೆ ಕಡಿಮೆ ಮಾಡುವ ಎಲ್ ನಿನೊ ಬಂದಿದ್ದ 2023ರ ಬೇಸಿಗೆಯಲ್ಲಿ ನೀರು 40 ಸೆಂ.ಮೀ. ದಾಟಿ ಇಳಿಯಿತು. ಅದನ್ನೂ ಹಾಗೇ ಕಳಿಸಿದೆವು. ಒಬ್ಬ ದಾನಿ ಫೋನ್ ಮಾಡಿ ಏನು ಬೇಕು ಅಂತ ಕೇಳಿದರು. ಊರಿನ ಬೆಂಕಿ ಕಾವಲು ತಂಡಕ್ಕೆ ಪಂಪ್ ಮತ್ತು ಪೈಪ್ ಬಂದಿದ್ದು ಹಾಗೆ.