ಮೊದಲು ಹುಳಿ, ಆಮೇಲೆ ಸಿಹಿ: ತೊಕಾಯ್ ನೆಲಮಾಳಿಗೆಯಲ್ಲಿ ವೈನ್ ರುಚಿ ತೋರಿಸುವ ನನ್ನ ಅನುಭವ

ತೊಕಾಯ್ ಎಂದರೆ ಸಿಹಿ ವೈನ್ ಎಂದುಕೊಂಡೇ ಎಲ್ಲರೂ ಬರುತ್ತಾರೆ. ಬಂದ ಕೂಡಲೇ ಸಿಹಿಯನ್ನೇ ಕೊಟ್ಟರೆ ಕೆಲಸ ಕೆಟ್ಟಿತು. ಆಮೇಲೆ ಏನು ಸುರಿದರೂ ಬರೀ ನೀರು ಎನ್ನಿಸುತ್ತದೆ, ಇಲ್ಲವೇ ಮುಖ ಹಿಂಡುವಷ್ಟು ಹುಳಿ. ಹಾಗಾಗಿ ಬಂದವರ ಬಾಯನ್ನು ಮೊದಲು ಹುಳಿಗೆ ಒಗ್ಗಿಸುತ್ತೇನೆ. ಅದೊಂದು ಆದರೆ ಸಿಹಿಯ ಬಗ್ಗೆ ನಾನು ಹೆಚ್ಚೇನೂ ಹೇಳಬೇಕಾಗುವುದಿಲ್ಲ.

ನಾನಿರುವುದು ಹಂಗೇರಿಯ ಈಶಾನ್ಯ ಮೂಲೆಯ ತೊಕಾಯ್ ಎಂಬ ವೈನ್ ಸೀಮೆಯ ಮಾಡ್ ಹಳ್ಳಿಯಲ್ಲಿ. ಮಿಷ್ಕೋಲ್ಟ್ಸ್ ವಿಶ್ವವಿದ್ಯಾಲಯಕ್ಕೆ ಓದಲು ಬಂದವನು ರಜೆಯಲ್ಲಿ ಇಲ್ಲಿಯ ಒಂದು ಕುಟುಂಬದ ದ್ರಾಕ್ಷಿ ತೋಟದಲ್ಲಿ ಕೂಲಿಗೆ ಸೇರಿಕೊಂಡೆ. ಈಗ ಅವರ ನೆಲಮಾಳಿಗೆಗೆ ಬರುವವರಿಗೆ ವೈನ್ ರುಚಿ ತೋರಿಸುವುದು ನನ್ನ ಪಾಲಿಗೆ ಬಂದಿದೆ. ಹಂಗೇರಿಯವರು, ಪೋಲೆಂಡಿನವರು ಜಾಸ್ತಿ. ಬುಡಾಪೆಸ್ಟಿನಲ್ಲೋ ವಿಯೆನ್ನಾದಲ್ಲೋ ಕೆಲಸದಲ್ಲಿರುವ ಕನ್ನಡದವರು ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಬರುವುದುಂಟು. ಅವರು ಬಂದ ದಿನ ನನ್ನ ತಯಾರಿ ಸ್ವಲ್ಪ ಬೇರೆ.

ಫೋನಿನಲ್ಲೇ ಹೇಳಿಬಿಡುತ್ತೇನೆ: ಸ್ವೆಟರ್ ತನ್ನಿ, ಸೆಂಟ್ ಹಾಕಿಕೊಳ್ಳಬೇಡಿ, ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ವರ್ಷವಿಡೀ 10ರಿಂದ 12 ಡಿಗ್ರಿ. ಯಾರು ಗಾಡಿ ಓಡಿಸುತ್ತೀರಿ ಎಂದೂ ಕೇಳುತ್ತೇನೆ. ಈ ದೇಶದಲ್ಲಿ ಚಾಲಕನ ರಕ್ತದಲ್ಲಿ ಆಲ್ಕೊಹಾಲ್ ಒಂದು ಹನಿಯೂ ಇರಕೂಡದು, ಮಿತಿ ಸೊನ್ನೆ. ಆ ಪುಣ್ಯಾತ್ಮನಿಗೆ ದ್ರಾಕ್ಷಿ ರಸ, ಅವನ ಪಾಲಿನ ಅಸೂ, ಅಂದರೆ ಇಲ್ಲಿಯ ಹೆಸರುವಾಸಿ ಸಿಹಿ ವೈನ್, ಸಣ್ಣ ಬಾಟಲಿಯಲ್ಲಿ ಮನೆಗೆ.

ತಿನ್ನಲು ಏನಿಡಬೇಕು ಎನ್ನುವುದು ಅದಕ್ಕಿಂತ ತಲೆನೋವಿನ ವಿಷಯ. ಹಂಗೇರಿಯಲ್ಲಿ ವೈನ್ ಜೊತೆ ಪೊಗಾಚಾ ಇಡುವುದು ವಾಡಿಕೆ. ಖಾರವಿಲ್ಲದ, ಉಪ್ಪುಪ್ಪಾದ ಪುಟ್ಟ ದುಂಡನೆಯ ಬನ್ನು. ನೋಡಲು ಪಾಪದ ತಿಂಡಿ, ಆದರೆ ಹಿಟ್ಟಿಗೆ ಹಂದಿ ಕೊಬ್ಬು ಹಾಕಿ ಕಲಸುವುದೇ ಹಳೆಯ ಕ್ರಮ, ಕೊಬ್ಬು ಕರಿದ ಚೂರುಗಳನ್ನು ಹಾಕಿದ್ದೂ ಉಂಟು. ಸಸ್ಯಾಹಾರಿಗಳು ಬರುತ್ತಾರೆಂದರೆ ಬೆಣ್ಣೆಯಲ್ಲೇ ಮಾಡಿಕೊಡುವಂತೆ ಬೇಕರಿಯಮ್ಮನಿಗೆ ಹಿಂದಿನ ದಿನವೇ ಹೇಳಿಡುತ್ತೇನೆ. ಚೀಸ್ ಗಟ್ಟಿಮಾಡಲು ಕರುವಿನ ಹೊಟ್ಟೆಯ ಕಿಣ್ವ ಬಳಸಿರಬಹುದು, ಅದನ್ನೂ ಕೇಳಿಯೇ ತರುವುದು. ಉಳಿದಂತೆ ಬ್ರೆಡ್ಡು, ಅಕ್ರೋಟು, ನೀರು. ನಮ್ಮವರ ಬ್ಯಾಗಿನಿಂದ ಕೋಡುಬಳೆ, ಚಕ್ಕುಲಿ ಹೊರಬರದೆ ಇರುವುದಿಲ್ಲ. ಬೇಡ ಎನ್ನುವುದಿಲ್ಲ, ಕೊನೆಯವರೆಗೆ ಎತ್ತಿಡಿ ಎನ್ನುತ್ತೇನೆ. ಖಾರದ ಬಾಯಿಗೆ ಡ್ರೈ, ಅಂದರೆ ಸಿಹಿಯಿಲ್ಲದ, ವೈನ್ ಬಿದ್ದರೆ ಉರಿ ಹೆಚ್ಚುತ್ತದೆ.

ಇನ್ನು ಉಗುಳುವ ಪಾತ್ರೆ. ಹಲವು ಬಗೆಯ ವೈನ್ ನೋಡುವಾಗ ಬಾಯಲ್ಲಿ ಆಡಿಸಿ ಉಗುಳುವುದು ಈ ವೃತ್ತಿಯ ಪದ್ಧತಿ. ಮೇಜಿನ ನಡುವೆ ಒಂದೇ ಬಕೆಟ್ ಇಟ್ಟರೆ ನಮ್ಮವರು ಮುಟ್ಟುವುದಿಲ್ಲ. ಎಲ್ಲರೆದುರು ಎಂಜಲು ಉಗುಳುವುದು, ಇನ್ನೊಬ್ಬರ ಎಂಜಲಿನ ಮೇಲೆ ಬಗ್ಗುವುದು, ಎರಡೂ ಆಗದ ಮಾತು. ನಾಚಿಕೆಗೆ ಎಲ್ಲವನ್ನೂ ನುಂಗಿ, ನಾಲ್ಕನೆಯ ಗ್ಲಾಸಿಗೆ ಮಾತು ತೊದಲುತ್ತದೆ. ಒಬ್ಬೊಬ್ಬರಿಗೂ ಮುಚ್ಚಳವಿರುವ ಒಂದೊಂದು ಕಾಗದದ ಲೋಟ ಕೊಡಲು ಶುರು ಮಾಡಿದ ಮೇಲೆ ಈ ಸಮಸ್ಯೆ ಹೋಯಿತು. ಸುರಿಯುವುದೂ ಗ್ಲಾಸಿಗೆ ಅರ್ಧ ಡೆಸಿಲೀಟರ್ (50 ಮಿಲಿಲೀಟರ್) ಮಾತ್ರ. ಇಲ್ಲಿ ವೈನ್ ಅಳೆಯುವುದೇ ಡೆಸಿ ಲೆಕ್ಕದಲ್ಲಿ.

ಬಾಗಿಲು ಕುಳ್ಳಗಿದೆ, ತಲೆ ತಗ್ಗಿಸಿ ಇಳಿಯಬೇಕು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲನ್ನು ಕೈಯಲ್ಲೇ ಕೊರೆದು ಮಾಡಿದ ಸುರಂಗ. ಗೋಡೆ, ಚಾವಣಿ, ಹಳೆಯ ಬಾಟಲಿಗಳ ಮೈ ಎಲ್ಲ ಕಪ್ಪು ಬೂಸ್ಟು. "ಅಯ್ಯೋ, ಇದನ್ನ ಕ್ಲೀನ್ ಮಾಡಿಸಲ್ವಾ?" ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಮುಟ್ಟಿ ನೋಡಿ ಎನ್ನುತ್ತೇನೆ. ಮೆತ್ತಗಿದೆ, ಆದರೆ ಜಿಗುಟಿಲ್ಲ, ಕೊಳೆತ ವಾಸನೆಯೂ ಇಲ್ಲ. ಇದರ ಹೆಸರು ಜಾಸ್ಮಿಡಿಯಮ್ ಸೆಲ್ಲಾರೆ. ಪೀಪಾಯಿಯಿಂದ ಆವಿಯಾಗುವ ಆಲ್ಕೊಹಾಲನ್ನು ಉಂಡು ಬದುಕುತ್ತದೆ. ಇದು ಒತ್ತಾಗಿ ಬೆಳೆದಿದೆ ಎಂದರೆ ಒಳಗಿನ ತೇವ ಸರಿಯಾಗಿದೆ ಎಂದೇ ಲೆಕ್ಕ. ಉಜ್ಜಿ ತೆಗೆಯುವ ಮಾತೇ ಇಲ್ಲ.

ಸುಗ್ಗಿಯ ದಿನಗಳಲ್ಲಿ ಮಾತ್ರ ನಾನು ಮೊದಲು ಒಬ್ಬನೇ ಇಳಿಯುತ್ತೇನೆ. ರಸ ಹುದುಗುವಾಗ ಇಂಗಾಲದ ಡೈಆಕ್ಸೈಡ್ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಹಿಂದಿನವರು ಉರಿಯುವ ಮೇಣದಬತ್ತಿಯನ್ನು ಕೆಳಗೆ ಹಿಡಿದು ಇಳಿಯುತ್ತಿದ್ದರು, ಅದು ಆರಿದರೆ ವಾಪಸ್ಸು. ಬತ್ತಿ ಆರುವ ಹೊತ್ತಿಗೆ ಗಾಳಿ ಆಗಲೇ ಅಪಾಯಕ್ಕೆ ಬಂದಿರುತ್ತದೆ, ಅದಕ್ಕೇ ನಾನು ನಂಬುವುದು ಗ್ಯಾಸ್ ಮೀಟರನ್ನು. ಬತ್ತಿಯನ್ನೂ ಹಚ್ಚುತ್ತೇವೆ, ನೋಡಲು ಚೆನ್ನಾಗಿರುತ್ತದೆ.

ಮೊದಲ ಗ್ಲಾಸು ಡ್ರೈ ಫುರ್ಮಿಂಟ್. ತೊಕಾಯಿಯ ಮುಖ್ಯ ತಳಿ. ಉಕ್ಕಿನ ತೊಟ್ಟಿಯಲ್ಲಿ ಹುದುಗಿದ, ಮರ ಮುಟ್ಟದ ಹೊಸ ವೈನನ್ನೇ ಕೊಡುತ್ತೇನೆ. ಆಗ ಒಂದೇ ಒಂದು ಕೆಲಸ ಹೇಳುತ್ತೇನೆ: ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿ ಅಥವಾ ನುಂಗಿ, ಆಮೇಲೆ ಬಾಯಿ ಮುಚ್ಚಿ ಸುಮ್ಮನಿರಿ. ದವಡೆಯ ಹಿಂದೆ, ನಾಲಿಗೆಯ ಅಡಿಯಲ್ಲಿ ನೀರೂರುತ್ತದೆ. ಎಷ್ಟು ಊರಿತು, ಎಷ್ಟು ಹೊತ್ತು ಊರಿತು, ಅಷ್ಟನ್ನೇ ಗಮನಿಸಿ. ಮರಸೇಬು, ಹೊಗೆ, ಕಲ್ಲು ಎಂದೆಲ್ಲ ಪಟ್ಟಿ ಓದುವ ಗೈಡುಗಳಿದ್ದಾರೆ. ಗ್ಲಾಸು ಕೈಗೆ ಬರುವ ಮುಂಚೆಯೇ ಪಟ್ಟಿ ಕೊಟ್ಟುಬಿಟ್ಟರೆ ಜನ ಮೂಗನ್ನು ಬಿಟ್ಟು ಕಿವಿಯಿಂದ ಮೂಸತೊಡಗುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಆ ಒಂದೆರಡು ನಿಮಿಷ ಸುಮ್ಮನಿರುವುದನ್ನು ಕಲಿಯಲು ನನಗೆ ಕಷ್ಟವಾಯಿತು, ನಮ್ಮ ಮನೆಯಲ್ಲಿ ಎಲ್ಲರೂ ಮಾತಿನ ಮಲ್ಲರು.

ಎರಡನೆಯದು ಅದೇ ಫುರ್ಮಿಂಟ್, ಆದರೆ ಒಂದೇ ಇಳಿಜಾರಿನ ಹಣ್ಣು, ಓಕ್ ಪೀಪಾಯಿಯಲ್ಲಿ ಮಲಗಿದ್ದು. ಹುಳಿ ಅಷ್ಟೇ ಇದೆ, ಅದರ ಮೇಲೆ ಮೈ ತುಂಬಿಕೊಂಡಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಪೀಪಾಯಿ ಏನು ಮಾಡುತ್ತದೆಂದು ಭಾಷಣ ಬೇಕಿಲ್ಲ. ಮೂರನೆಯದು ಹಾರ್ಶ್‌ಲೆವೆಲು, ಜೇನಿನ ಕಡೆಗೆ ವಾಲುವ ಘಮ. ಇದನ್ನು ನಾನು ಬೇಗ ದಾಟಿಬಿಡುತ್ತೇನೆ. ಒಳ್ಳೆಯ ತಳಿಯೇ, ಆದರೆ ಮುಂದಿನದಕ್ಕೆ ಜನ ಎದ್ದು ಕೂರುತ್ತಾರೆ.

ಅದು ಶಾರ್ಗಾಮುಷ್ಕೊತಾಯ್, ಹಳದಿ ಮಸ್ಕಟ್. ಹಾಸನದ ಕಡೆಯ ಒಬ್ಬ ಅಮ್ಮ ಮಗ ಸೊಸೆಯ ಜೊತೆ ಬಂದಿದ್ದರು. "ನಾನು ಮುಟ್ಟಲ್ಲಪ್ಪ, ನೀವೇ ಕುಡ್ಕೊಳ್ಳಿ" ಎಂದು ಮೂಲೆಯಲ್ಲಿ ಕುಳಿತಿದ್ದರು. "ಕುಡಿಯೋದು ಬೇಡಮ್ಮ, ಮೂಸಿ ನೋಡಿ ಸಾಕು" ಎಂದು ಗ್ಲಾಸು ಕೈಗಿಟ್ಟೆ. ಮೂಸಿದರು, ಇನ್ನೊಮ್ಮೆ ಮೂಸಿದರು. "ಧನಿಯಾ ಕಣೋ ಇದು. ಹುರಿದಿದ್ದಲ್ಲ, ಹಸೀದು." ಸೊಸೆ ನಕ್ಕಳು. ನಾನು ನಗಲಿಲ್ಲ, ಏಕೆಂದರೆ ಅಮ್ಮ ಹೇಳಿದ್ದು ಅಕ್ಷರಶಃ ಸರಿ. ಧನಿಯಾ ಎಣ್ಣೆಯ ಬಹುಪಾಲು ಲಿನಾಲೂಲ್ ಎಂಬ ಪದಾರ್ಥ, ಮಸ್ಕಟ್ ದ್ರಾಕ್ಷಿಯ ಘಮದಲ್ಲೂ ಮುಖ್ಯವಾಗಿ ಅದೇ ಇದೆ. ಯುರೋಪಿನವರು ಇಲ್ಲಿ ಗುಲಾಬಿ, ಎಲ್ಡರ್ ಹೂವು ಎನ್ನುತ್ತಾರೆ. ಮಸಾಲೆ ಡಬ್ಬಿಯ ಮುಂದೆ ಇಡೀ ಆಯುಸ್ಸು ಕಳೆದವರ ಮೂಗಿಗೆ ಯಾವ ಸರ್ಟಿಫಿಕೇಟೂ ಬೇಡ. ಕುಡಿಯದವರಿಗೂ ಈಗ ನಾನು ಎಲ್ಲ ಗ್ಲಾಸುಗಳನ್ನೂ ಮೂಸಲು ಕೊಡುತ್ತೇನೆ.

"ಕೆಂಪು ಇಲ್ವಾ?" ಎಂಬ ಪ್ರಶ್ನೆ ಈ ಹೊತ್ತಿಗೆ ಬರುತ್ತದೆ. ತೊಕಾಯ್ ಹೆಸರಿನಲ್ಲಿ ಬಿಳಿ ದ್ರಾಕ್ಷಿಯ ವೈನ್ ಮಾತ್ರ ಮಾರಬಹುದು. ನಾನು ಎಗೆರ್ ಊರಿನ ಬಿಕವೇರ್ ಒಂದು ಬಾಟಲಿ ಇಟ್ಟಿರುತ್ತೇನೆ. ಕೇಕ್‌ಫ್ರಾಂಕೋಷ್ ತಳಿಯನ್ನು ಮುಂದಿಟ್ಟುಕೊಂಡು ಮಾಡುವ ಮಿಶ್ರಣ, ಹೆಸರಿನ ಅರ್ಥ ಗೂಳಿಯ ರಕ್ತ. 1552ರಲ್ಲಿ ಆಟೊಮನ್ ಸೈನ್ಯ ಎಗೆರ್ ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಯ ನಾಯಕ ಇಶ್ತ್ವಾನ್ ದೊಬೊನ ಸೈನಿಕರು ಕೆಂಪು ವೈನ್ ಕುಡಿದು ಗಡ್ಡ ಒದ್ದೆ ಮಾಡಿಕೊಂಡು ಹೋರಾಡಿದರು, ಅವರು ಗೂಳಿಯ ರಕ್ತ ಕುಡಿದಿದ್ದಾರೆಂದು ಶತ್ರುಗಳು ಹೆದರಿ ಓಡಿದರು ಎಂಬುದು ಕಥೆ. ಮುತ್ತಿಗೆಯೂ ನಿಜ, ಕೋಟೆ ಉಳಿದದ್ದೂ ನಿಜ. ವೈನಿನ ಈ ಹೆಸರು ಮಾತ್ರ 19ನೇ ಶತಮಾನದ್ದು. ಕಥೆಯನ್ನು ಕಥೆ ಎಂದೇ ಹೇಳುತ್ತೇನೆ, ಹಂಗೇರಿಯ ಅತಿಥಿಗಳಿದ್ದರೆ ಸ್ವಲ್ಪ ಮೆತ್ತಗೆ. ಕೆಂಪಿನಲ್ಲಿ ಗಮನಿಸಬೇಕಾದ್ದು ಒಗರು. ಹುಳಿ ನೀರೂರಿಸಿದರೆ ಒಗರು ಬಾಯಿ ಒಣಗಿಸುತ್ತದೆ. ಆಮೇಲೆ ಬ್ರೆಡ್ಡು ತಿಂದು ಬಾಯಿ ಮುಕ್ಕಳಿಸಿ, ಮತ್ತೆ ಬಿಳಿಗೆ.

ಡ್ರೈ ಸಮೊರೊದ್ನಿಯನ್ನು ಎಲ್ಲರಿಗೂ ಕೊಡುವುದಿಲ್ಲ. ಒಣಗಿದ ಹಣ್ಣು, ಒಣಗದ ಹಣ್ಣು ಬೇರ್ಪಡಿಸದೆ ಗೊಂಚಲು ಗೊಂಚಲೇ ಹಿಂಡಿ, ಪೀಪಾಯಿಯನ್ನು ಪೂರ್ತಿ ತುಂಬದೆ, ಮೇಲೆ ಯೀಸ್ಟಿನ ಪೊರೆ ಕಟ್ಟಲು ಬಿಡುತ್ತಾರೆ. ಅಕ್ರೋಟಿನ ವಾಸನೆ ಬರುತ್ತದೆ. ಮೊದಲ ಸಲ ಕುಡಿದವರು ಕೆಟ್ಟುಹೋಗಿದೆ ಎನ್ನುತ್ತಾರೆ. ನನಗಂತೂ ಈ ನೆಲಮಾಳಿಗೆಯಲ್ಲಿ ತುಂಬ ಇಷ್ಟವಾದದ್ದು ಇದೇ.

ಅಸೂಗೆ ಬರುವ ಮುಂಚೆ ಒಣಗಿದ ಹಣ್ಣುಗಳನ್ನು ತಟ್ಟೆಯಲ್ಲಿಟ್ಟು ತೋರಿಸುತ್ತೇನೆ. ಬೊದ್ರೊಗ್ ನದಿ ತೊಕಾಯ್ ಊರಿನ ಬಳಿ ತಿಸ ನದಿಯನ್ನು ಸೇರುತ್ತದೆ. ಶರತ್ಕಾಲದ ಬೆಳಗ್ಗೆ ನದಿಗಳಿಂದ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು, ಗಾಳಿ. ಮಂಜಿನಲ್ಲಿ ಬೊಟ್ರಿಟಿಸ್ ಎಂಬ ಶಿಲೀಂಧ್ರ ಹಣ್ಣಿಗೆ ಹತ್ತುತ್ತದೆ, ಬಿಸಿಲಿಗೆ ಅದು ಕೊಳೆಯಾಗಿ ಹರಡದೆ ನಿಲ್ಲುತ್ತದೆ. ಹೋದ ಸುಗ್ಗಿಯ ಹೊತ್ತಿಗೆ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಮಗನ ಜೊತೆ ಬಂದಿದ್ದರು. ತಟ್ಟೆ ನೋಡಿ, "ಇದು ಕೊಳತೈತಲ್ರೀ ತಮ್ಮಾ. ನಮ್ಮ ಕಡೆ ಇದನ್ನ ತಿಪ್ಪಿಗೆ ಹಾಕ್ತೀವಿ" ಎಂದರು. ನೀವು ಒಣದ್ರಾಕ್ಷಿ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ನೆರಳಿನ ರ‍್ಯಾಕಿನಲ್ಲಿ ಹರವುತ್ತೇವೆ ಎಂದರು. ಅದ್ದುವುದು ಏಕೆ? ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ಒಳಗಿನ ನೀರು ಬೇಗ ಹೊರಬರಲಿ ಎಂದು. ಇಲ್ಲಿ ಆ ಕೆಲಸವನ್ನು ಶಿಲೀಂಧ್ರ ಮಾಡುತ್ತದೆ, ಸಿಪ್ಪೆಯನ್ನು ತೂತು ಮಾಡಿ ನೀರು ಬಿಡಿಸುತ್ತದೆ, ಸಕ್ಕರೆ, ಹುಳಿ ಎರಡೂ ಒಳಗೇ ಗಟ್ಟಿಯಾಗುತ್ತವೆ ಎಂದೆ. ಅವರು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಉಗುಳಿ, "ಆಳಿನ ಖರ್ಚು?" ಎಂದರು. ಸರಿಯಾದ ಪ್ರಶ್ನೆ. ಒಂದೊಂದೇ ಹಣ್ಣನ್ನು ಕೈಯಲ್ಲಿ ಆಯಬೇಕು, ಇಡೀ ದಿನ ನಿಂತರೂ ಒಬ್ಬರಿಗೆ ಸಿಗುವುದು ಕೆಲವೇ ಕಿಲೋ. ಬಾಟಲಿಯ ಬೆಲೆಗೆ ಅವರು ಆಮೇಲೆ ತಕರಾರು ಮಾಡಲಿಲ್ಲ.

ಆಯ್ದ ಹಣ್ಣನ್ನು ಅರೆದು ದ್ರಾಕ್ಷಿ ರಸದಲ್ಲೋ ವೈನಿನಲ್ಲೋ ನೆನೆಸಿ, ಹಿಂಡಿ, ಹುದುಗಲು ಬಿಡುತ್ತಾರೆ. ಹಳೆಯ ಲೆಕ್ಕದಲ್ಲಿ 136 ಲೀಟರಿನ ಗೊಂಟ್ಸ್ ಪೀಪಾಯಿಗೆ ಸುಮಾರು 25 ಕಿಲೋ ಹಿಡಿಯುವ ಎಷ್ಟು ಬುಟ್ಟಿ ಹಣ್ಣು ಬಿತ್ತೋ ಅಷ್ಟು ಪುತ್ತೊನ್ಯೋಷ್, ಅಂದರೆ ಅಷ್ಟು ಸಿಹಿ. 2013ರಿಂದ ಕಾನೂನು ಬದಲಾಗಿದೆ: ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು, ಕನಿಷ್ಠ 18 ತಿಂಗಳು ಪೀಪಾಯಿಯಲ್ಲಿರಬೇಕು, ಆರು ಪುತ್ತೊನ್ಯೋಷ್ ಎಂದು ಬರೆಯಲು 150 ಗ್ರಾಂ. ಕೋಲಾದಲ್ಲಿರುವುದು ಲೀಟರಿಗೆ ಸುಮಾರು 106 ಗ್ರಾಂ. ಈ ಅಂಕಿ ಹೇಳಿದ ಮೇಲೆ ಸುರಿಯುತ್ತೇನೆ.

ಆಗ ಮೊದಲ ಗ್ಲಾಸಿನ ಪಾಠ ಕೆಲಸಕ್ಕೆ ಬರುತ್ತದೆ. ಕೇಸರಿ, ಏಪ್ರಿಕಾಟ್, ಕಿತ್ತಳೆ ಸಿಪ್ಪೆ ಎಂದು ತಾವಾಗೇ ಹೇಳತೊಡಗುತ್ತಾರೆ. ನಾನು ಕೇಳುವುದು ಇಷ್ಟೇ: ನುಂಗಿದ ಮೇಲೆ ಬಾಯಿ ಅಂಟಂಟಾಯಿತಾ, ನೀರೂರಿತಾ? ನೀರೂರುತ್ತದೆ. ಅನಾನಸ್ ಗೊಜ್ಜು ತಿಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹುಣಿಸೆ ಸರಿಯಾಗಿದ್ದರೆ ಎಷ್ಟು ಬೆಲ್ಲ ಬಿದ್ದರೂ ನಾಲಿಗೆ ಬೇಸರಪಡುವುದಿಲ್ಲ. ಎತ್ತಿಟ್ಟಿದ್ದ ಕೋಡುಬಳೆ ಈಗ ಹೊರಗೆ ಬರಲಿ. ಖಾರದ ಮೇಲೆ ಅಸೂ ಬಿದ್ದಾಗ ಆಗುವುದನ್ನು ನಮ್ಮ ಮಾಲೀಕರಿಗೂ ತೋರಿಸಿದ್ದೇನೆ. ಇವರು ಅಸೂ ಜೊತೆ ಬಾತುಕೋಳಿಯ ಪಿತ್ತಜನಕಾಂಗ, ನೀಲಿ ಚೀಸ್ ತಿನ್ನುವವರು. ಈಗ ಅವರ ಅಡುಗೆಮನೆಯಲ್ಲಿ ಒಂದು ಡಬ್ಬಿ ಕೋಡುಬಳೆ ಇರುತ್ತದೆ.

ಸಕ್ಕರೆ ಕಾಯಿಲೆ ಇರುವವರು ಗುಟ್ಟಾಗಿ ಕೇಳುತ್ತಾರೆ. ಅರ್ಧ ಡೆಸಿ ಆರು ಪುತ್ತೊನ್ಯೋಷಿನಲ್ಲಿ ಕಡಿಮೆಯೆಂದರೂ ಏಳೂವರೆ ಗ್ರಾಂ ಸಕ್ಕರೆ ಎಂದು ಲೆಕ್ಕ ಹೇಳುತ್ತೇನೆ, ತೀರ್ಮಾನ ಅವರದು.

ಕೊನೆಗೆ ಎಸೆನ್ಸಿಯಾ, ಗಾಜಿನ ಚಮಚದಲ್ಲಿ. ರಾಶಿ ಹಾಕಿದ ಅಸೂ ಹಣ್ಣಿನಿಂದ, ಹಿಂಡದೆ, ತನ್ನ ಭಾರಕ್ಕೇ ಒಸರುವ ರಸ ಇದು. ಲೀಟರಿಗೆ ಕನಿಷ್ಠ 450 ಗ್ರಾಂ ಸಕ್ಕರೆ. ಇಷ್ಟು ಗಟ್ಟಿಯಲ್ಲಿ ಯೀಸ್ಟು ಕೆಲಸ ಮಾಡಲಾರದೆ ವರ್ಷಗಟ್ಟಲೆ ಒದ್ದಾಡಿ ಕೆಲವೇ ಶೇಕಡಾ ಆಲ್ಕೊಹಾಲ್ ಮಾಡುತ್ತದೆ. ಆ ಚಮಚದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಮೇಲೆ ಬಂದ ಮೇಲೆ ಸಮಯವಿದ್ದವರನ್ನು ಊರಿನ ಯೆಹೂದಿ ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ಯುತ್ತೇನೆ. 1795ರಲ್ಲಿ ಕಟ್ಟಿದ್ದು. ಈ ವೈನನ್ನು ಪೋಲೆಂಡಿನ ಕಡೆಗೆಲ್ಲ ಸಾಗಿಸಿ ಮಾರುತ್ತಿದ್ದವರಲ್ಲಿ ಇಲ್ಲಿಯ ಯೆಹೂದಿ ವರ್ತಕರು ಮುಖ್ಯರು. 1944ರಲ್ಲಿ ಊರಿನ ಯೆಹೂದಿಗಳನ್ನು ನಾಜಿಗಳ ಸಾವಿನ ಶಿಬಿರವಾದ ಔಶ್ವಿಟ್ಸಿಗೆ ಸಾಗಿಸಿದರು. ಕಟ್ಟಡ ದುರಸ್ತಿಯಾಗಿ ಚೆನ್ನಾಗಿದೆ, ಅದರಲ್ಲಿ ಕೂರುತ್ತಿದ್ದವರು ಇಲ್ಲ. ಈ ವೈನಿನ ಕಥೆಯಲ್ಲಿ ರಾಜರ ಹೆಸರುಗಳನ್ನಷ್ಟೇ ಹೇಳಿ ಇವರನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕೊಂಡೊಯ್ಯುವವರಿಗೆ ಎರಡು ಮಾತು. ಅಸೂ ಬಾಟಲಿ ಅರ್ಧ ಲೀಟರಿನದು. ಭಾರತಕ್ಕೆ ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು ಎರಡು ಲೀಟರ್, ಅಂದರೆ ನಾಲ್ಕು ಬಾಟಲಿ. ಚೆಕ್-ಇನ್ ಬ್ಯಾಗಿನಲ್ಲಿ, ಬಟ್ಟೆಯ ನಡುವೆ. ತೆರೆದ ಮೇಲೆ ಡ್ರೈ ಫುರ್ಮಿಂಟನ್ನು ಎರಡು ಮೂರು ದಿನದಲ್ಲಿ ಮುಗಿಸಿ, ಅಸೂ ಫ್ರಿಜ್ಜಿನಲ್ಲಿ ಕೆಲವು ವಾರ ಇರುತ್ತದೆ. ಕುಡಿಯುವ ಹತ್ತು ನಿಮಿಷ ಮುಂಚೆ ಹೊರಗಿಡಿ, ತೀರ ತಣ್ಣಗಿದ್ದರೆ ಘಮ ಏಳುವುದಿಲ್ಲ.